ಹಡಗಿನ ಲಗ್ನ, ದಡದ ಬಳಗ: ಹತ್ತದವರಿಗೆ ಊಟ ಎಲ್ಲಿ ಹಾಕಿಸಬೇಕು?

ಹೋದ ಫೆಬ್ರವರಿಯಲ್ಲಿ ನನ್ನ ಅಕ್ಕನ ಮಗಳ ಲಗ್ನ ಮುಂಬೈಯಿಂದ ಹೊರಡುವ ಹಡಗಿನಲ್ಲಿ ಆಯಿತು. ಹಡಗು ಹತ್ತಿದವರು 46 ಮಂದಿ. ಪತ್ರಿಕೆ ಕೊಡಲೇಬೇಕಾದ ಮನೆಗಳು 210. ಉಳಿದವರ ಊಟಕ್ಕೆ ಏನು ಮಾಡಿದಿರಿ ಅಂತ ಈಗಲೂ ಜನ ಕೇಳುತ್ತಾರೆ. ಬೆಳಗಾವಿ ಶಹಾಪುರದ ಒಬ್ಬರು, ಬಾಗಲಕೋಟೆ ನವನಗರದ ಒಬ್ಬರು, ವಿಜಯಪುರದಿಂದ ಮೂವರು. ಎಲ್ಲರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಟ್ಟು ಮಾಡಿ ಬರೆಯುತ್ತಿದ್ದೇನೆ.

2021ರಿಂದ ಕಾರ್ಡೀಲಿಯಾ ಕಂಪನಿಯ ಹಡಗು ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಓಡಲು ಶುರುವಾದ ಮೇಲೆ ಇಂಥ ಲಗ್ನದ ಆಸೆ ನಮ್ಮ ಕಡೆಗೂ ಬಂತು. ಕೋಣೆ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಸಾಮಾನ್ಯ ಮನೆಯವರು ಇಡೀ ಬಳಗವನ್ನು ಹತ್ತಿಸೋದು ಆಗದ ಮಾತು. ಹುಡುಗ ಹುಡುಗಿಗೆ ಇದು ಚಿಕ್ಕ ವಿಷಯ, ತಾಯಂದಿರಿಗೆ ಅಲ್ಲ. ನಮ್ಮ ಅವ್ವ ಕೇಳಿದ್ದು ಒಂದೇ ಮಾತು: "ಊರ ಮಂದಿ ಲಗ್ನಕ್ಕೆಲ್ಲಾ ಹೋಗಿ ಉಂಡು ಬಂದೇವಿ. ಈಗ ನಮ್ಮ ಸರ್ತಿ ಬಂದಾಗ ಸಮುದ್ರಕ್ಕ ಓಡಿ ಹೋಗೂದೇನು?"

ಅಳತೆಗೋಲು ಮೊದಲು

ಮೆನು ಆಮೇಲೆ. ಮೊದಲು ಒಂದು ಹಾಳೆಯಲ್ಲಿ ಹತ್ತದವರ ಹೆಸರು ಬರೆದು ಮೂರು ಗುಂಪು ಮಾಡಿ. ಮುಂಬೈ, ಪುಣೆಯಲ್ಲೇ ಇರುವವರು ಒಂದು. ಊರಿನಿಂದ ಬಂದು ಹುಡುಗಿಯನ್ನು ಬಂದರಿನವರೆಗೆ ಬಿಟ್ಟು ಬರಲೇಬೇಕು ಅನ್ನುವ ಹತ್ತಿರದವರು ಇನ್ನೊಂದು. ಎಲ್ಲಿಗೂ ಬರಲಾರದ ಹಿರಿಯರು, ಓಣಿಯವರು, ಹೊಲದ ಪಾಲಿನವರು, ಆಫೀಸಿನವರು ಮೂರನೆಯದು. ಬಹುತೇಕ ಮನೆಗಳಲ್ಲಿ ಮೂರನೆಯ ಗುಂಪೇ ದೊಡ್ಡದು. ಆದರೆ ಗದ್ದಲ ಜಾಸ್ತಿ ಆಗೋದು ಎರಡನೆಯದರಲ್ಲಿ.

ಆಮೇಲೆ ಪ್ರತಿ ಆಯ್ಕೆಗೂ ಇವನ್ನು ಕೇಳಿ. ಊಟ ಅಕ್ಕಿಕಾಳು (ಅಕ್ಷತೆ) ಬೀಳುವ ಮುಂಚೆಯೋ, ಬಿದ್ದ ಮೇಲೋ? ಉಣ್ಣುವ ಹೊತ್ತಿಗೆ ಮದುಮಕ್ಕಳು ಕಣ್ಣಿಗೆ ಬೀಳುತ್ತಾರೋ ಇಲ್ಲವೋ? ತಲೆಗೆ ನಿಜವಾಗಿ ಎಷ್ಟು ಬೀಳುತ್ತದೆ?

ನಾವು ಮರೆತ ಪ್ರಶ್ನೆ ಇನ್ನೊಂದಿದೆ: ಉಣ್ಣುವ ಮುಂಚೆ ಸ್ನಾನ ಎಲ್ಲಿ? ನಮ್ಮಲ್ಲಿ ಸ್ನಾನ ಮಾಡಿ ಲಿಂಗಪೂಜೆ ಆಗದೆ ತುತ್ತು ಮುಟ್ಟದ ಹಿರಿಯರು ಇದ್ದಾರೆ. ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬಂದವರ ಮುಂದೆ ಎಂಥ ಊಟ ಇಟ್ಟರೂ ಅವರು ಕೈ ತೊಳೆಯಲ್ಲ. ಬೆಳಗಾವಿ ಜಿಲ್ಲೆಯ ಜೈನ ಬಂಧುಗಳಿದ್ದರೆ ಅವರದು ಇನ್ನೊಂದು ಲೆಕ್ಕ. ಹೊತ್ತು ಮುಳುಗಿದ ಮೇಲೆ ಉಣ್ಣದವರು ಅವರಲ್ಲಿದ್ದಾರೆ. ಬಟಾಟಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೆಯಲ್ಲ.

ಹಡಗಿನಲ್ಲೇ, ಅದು ಹೊರಡುವ ಮುಂಚೆ

ಪ್ರಯಾಣ ಮಾಡದ ಅತಿಥಿಗಳನ್ನು ಹಡಗಿನೊಳಗೆ ಬಿಟ್ಟುಕೊಳ್ಳುವ ರೂಢಿ ಇದೆ. ಅಮೆರಿಕದ ಕಾರ್ನಿವಲ್, ರಾಯಲ್ ಕೆರಿಬಿಯನ್‌ನಂಥ ಕಂಪನಿಗಳಲ್ಲಿ ಹೊರಡುವ ದಿನ ಹಡಗು ಬಂದರಿನಲ್ಲಿ ನಿಂತಿರುವಾಗಲೇ ಲಗ್ನ ಮಾಡುತ್ತಾರೆ. ತಿಂಡಿ ತಿಂದು, ಫೋಟೋ ತೆಗೆಸಿಕೊಂಡು, ಪ್ರಯಾಣಿಕರಲ್ಲದವರು ಇಳಿದು ಹೋಗುತ್ತಾರೆ. ಆಮೇಲೆ ಹಡಗು ಹೊರಡುತ್ತದೆ. ನೀವು ಬುಕ್ ಮಾಡುವ ಕಂಪನಿ ಇದಕ್ಕೆ ಒಪ್ಪುತ್ತದೆಯೇ ಅಂತ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಒಪ್ಪಿದರೂ ಕಟ್ಟುಪಾಡು ಬಹಳ. ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಪ್ರತಿಯೊಬ್ಬರ ಹೆಸರು ಮೊದಲೇ ಹೋಗಿರಬೇಕು. ಆಧಾರ್‌ನಲ್ಲಿ 'ಬಸಪ್ಪ' ಇದ್ದು ಪಟ್ಟಿಯಲ್ಲಿ 'ಬಸವರಾಜ' ಅಂತ ಇದ್ದರೆ ಗೇಟಿನಲ್ಲಿ ತಕರಾರು. ಸಂಖ್ಯೆಗೆ ಮಿತಿ ಇರುತ್ತದೆ. "ಹ್ಯಾಂಗೂ ಬಂದಾನ, ಅವನ್ನೂ ಕರಕೊಂಡ ಹೋಗೂಣು" ಅನ್ನುವ ನಮ್ಮ ಪದ್ಧತಿ ನಡೆಯಲ್ಲ. ಹಡಗು ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ಎಲ್ಲರೂ ಇಳಿದಿರಬೇಕು. ಎಲ್ಲಾ ಸೇರಿ ಕೈಗೆ ಸಿಗೋದು ಎರಡು ಎರಡೂವರೆ ತಾಸು. ಮುಹೂರ್ತ ಅದರೊಳಗೇ ಕೂಡಬೇಕು.

ಊಟದ ವಿಷಯದಲ್ಲಿ ಜನ ಮೋಸ ಹೋಗೋದು ಇಲ್ಲಿ. ಹಡಗಿನ ದೊಡ್ಡ ಬಫೆ ಟಿಕೆಟ್ ಇದ್ದವರಿಗೆ. ಬಂದು ಹೋಗುವವರಿಗೆ ನೀವು ಪ್ಯಾಕೇಜಿನಲ್ಲಿ ಕೊಂಡದ್ದು ಮಾತ್ರ ಸಿಗುತ್ತದೆ. ಅದು ಎಷ್ಟೋ ಸಲ ಕೇಕು, ನಾಲ್ಕು ಥರದ ಸಣ್ಣ ತಿಂಡಿ, ಒಂದು ಪಾನೀಯ. ನಮ್ಮವರು ಅದಕ್ಕೆ ಊಟ ಅನ್ನಲ್ಲ, ಚಹಾದ ಜೊತೆ ತಿನ್ನೋದು ಅನ್ನುತ್ತಾರೆ. "ಕೂತು ಉಣ್ಣುವ ಊಟ ಇದೆಯಾ, ತಲೆಗೆ ಎಷ್ಟು, ಬಳ್ಳೊಳ್ಳಿ ಇಲ್ಲದ್ದು ಬೇರೆ ಮಾಡುತ್ತೀರಾ?" ಈ ಮೂರನ್ನು ಹೀಗೇ ಕೇಳಿ. ತೆರೆದ ಬೆಂಕಿ ಹಡಗಿನಲ್ಲಿ ನಡೆಯಲ್ಲ. ಆರತಿಯ ದೀಪಕ್ಕೂ ಅನುಮತಿ ಕೇಳಬೇಕು.

ಮನೆಯ ಊಟವನ್ನು ಒಳಗೆ ಒಯ್ಯುವ ಆಸೆ ಬಿಡಿ. ನಮ್ಮ ಚಿಗವ್ವ ಕೇಳಲಿಲ್ಲ. 60 ಖಡಕ್ ರೊಟ್ಟಿ ಬಿಳಿ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಕೆಂಪು ಖಾರ ತುಂಬಿ ತಂದಿದ್ದಳು. ಚೀಲ ಯಂತ್ರದೊಳಗೆ ಹೋಯಿತು, ಆ ಕಡೆ ಬಂತು, ಭದ್ರತೆಯ ಹುಡುಗ ಅದನ್ನು ಪಕ್ಕಕ್ಕೆ ಸರಿಸಿದ. ಡಬ್ಬಿ ತೆಗೆದು ಒಂದು ಸಲ ಮೂಸಿದ, ಕಣ್ಣು ಒರೆಸಿಕೊಂಡ. ಹೊರಗಿನ ಅಡುಗೆ ಬಿಡಲ್ಲ ಅಂದ. ತಪ್ಪು ನಮ್ಮದೇ, ಟಿಕೆಟ್ಟಿನ ಷರತ್ತಿನಲ್ಲಿ ಅದು ಇತ್ತು. ಕಡೆಗೆ ಆ ರೊಟ್ಟಿ ಉಂಡವರು ನಮ್ಮ ಎರಡು ಬಸ್ಸಿನ ಡ್ರೈವರ್‌ಗಳು. ಇಡೀ ಲಗ್ನದಲ್ಲಿ ಹೊಟ್ಟೆ ತುಂಬ ಉಂಡವರು ಅವರೇ ಅಂತ ಚಿಗವ್ವ ಇಂದಿಗೂ ಹೇಳುತ್ತಾಳೆ.

ಯಾರಿಗೆ ಇದು ಸರಿ? 20 ಮಂದಿಯ ಒಳಗೆ, ಮುಂಬೈಯಲ್ಲೇ ಇರುವವರು, ಓಡಾಡುವ ವಯಸ್ಸಿನವರು, ಅಕ್ಕಿಕಾಳು ಕಣ್ಣಾರೆ ನೋಡಬೇಕು ಅನ್ನುವವರು. ಅವರಿಗೆ ಊಟ ಎರಡನೆಯ ಮಾತು.

ಮುಂಬೈಯಲ್ಲಿ ಹಾಲ್ ಹಿಡಿದು

ಹೆಚ್ಚಿನವರ ತಲೆಗೆ ಮೊದಲು ಬರುವ ಆಯ್ಕೆ ಇದು. ನಾವೂ ಇದನ್ನೇ ಮಾಡಿದೆವು. ಈಗ ಕೇಳಿದರೆ ಬೇಡ ಅನ್ನುತ್ತೇನೆ, ಆದರೆ ಎಲ್ಲರಿಗೂ ಅಲ್ಲ.

ಹಾಲ್ ಎಲ್ಲಿ ಹಿಡಿಯಬೇಕು ಅನ್ನೋದು ನಿಮ್ಮವರು ಯಾವ ಗಾಡಿಯಲ್ಲಿ ಬರುತ್ತಾರೆ ಅನ್ನುವುದರ ಮೇಲಿದೆ. ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ಇರೋದು ಫೋರ್ಟ್ ಹತ್ತಿರ. ಬಾಗಲಕೋಟೆ, ವಿಜಯಪುರದವರು ಸೊಲ್ಲಾಪುರದ ಮೇಲೆ ಬರುವ ಹೊಸಪೇಟೆ–ಮುಂಬೈ ರೈಲು ಹಿಡಿದರೆ ಸಿಎಸ್‌ಎಂಟಿಯಲ್ಲೇ (ಹಳೆಯ ವಿ.ಟಿ. ಸ್ಟೇಷನ್) ಇಳಿಯುತ್ತಾರೆ. ಅಲ್ಲಿಂದ ಬಂದರು ಹತ್ತಿರ. ಫೋರ್ಟ್ ಕಡೆಯ ಹಾಲ್ ಅವರಿಗೆ ಅನುಕೂಲ. ಬೆಳಗಾವಿಯಿಂದ ಚಾಲುಕ್ಯ, ಶರಾವತಿ, ಹುಬ್ಬಳ್ಳಿ ರೈಲುಗಳಲ್ಲಿ ಬಂದವರು ಇಳಿಯೋದು ದಾದರ್‌ನಲ್ಲಿ. ದಾದರ್‌ಗೆ ಅಂಟಿಕೊಂಡೇ ಮಾಟುಂಗಾ ಇದೆ, ಕನ್ನಡದವರ ಹಳೆಯ ಜಾಗ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರೋದು ಅಲ್ಲೇ. ಹತ್ತು ಹದಿನೈದು ಮಂದಿಯಷ್ಟೇ ಆದರೆ ಹಾಲ್ ಗೊಡವೆಯೇ ಬೇಡ. ಮಾಟುಂಗಾ ಸ್ಟೇಷನ್ ಹತ್ತಿರ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆ ಎಲೆ ಊಟ ಸಿಗುತ್ತದೆ. ಸಾಲು ಇರುತ್ತದೆ, ಬೇಗ ಹೋಗಿ.

ಬಸ್ಸಿನಲ್ಲಿ ಕರೆದೊಯ್ಯುವುದಾದರೆ ಬೆಳಗಾವಿಯಿಂದ ಸುಮಾರು 490 ಕಿ.ಮೀ., ವಿಜಯಪುರದಿಂದಲೂ ಹೆಚ್ಚೂಕಡಿಮೆ ಅಷ್ಟೇ. ದಕ್ಷಿಣ ಮುಂಬೈಯಲ್ಲಿ ಹಗಲು ಹೊತ್ತು ದೊಡ್ಡ ಬಸ್ಸಿಗೆ ನಿರ್ಬಂಧ ಇರುವ ರಸ್ತೆಗಳಿವೆ. ಡ್ರೈವರ್‌ಗೆ ಗೊತ್ತಿದೆಯೋ ಕೇಳಿ.

ಈಗ ಲೆಕ್ಕ. ನಮ್ಮ ಬಸ್ಸಿನಲ್ಲಿ ಹೋದವರು 84 ಮಂದಿ. ಮುಂಬೈ ಊಟ ತಾಟಿಗೆ 450 ಅಂದಾಗ "ಆಯ್ತು ಬಿಡಿ, ಜಾಸ್ತಿ ಏನಲ್ಲ" ಅಂದುಕೊಂಡೆವು. ಬಸ್ ಬಾಡಿಗೆಯನ್ನು ತಲೆಗೆ ಹಂಚಿದರೆ 1,300. ಬೆಳಿಗ್ಗೆ ಸ್ನಾನಕ್ಕೆ ಹಿಡಿದ ಕೋಣೆಗಳು ತಲೆಗೆ 400. ನಾಷ್ಟಾ 120. ಅಂದರೆ ಆ ತಾಟಿನ ಬೆಲೆ 2,270. ಬೆಳಗಾವಿಯಲ್ಲಿ ಅದೇ ಊಟ 260. ಮುಂಬೈ ಊಟ ಹಾಕಿಸುವವರು ಈ ಕೂಡಿಸುವ ಲೆಕ್ಕ ಮಾಡದೆ ಮುಂದೆ ಹೋಗಬಾರದು. ಬಿಲ್ಲಿನ ಜಿಎಸ್‌ಟಿಯನ್ನೂ ಕೇಳಿಕೊಳ್ಳಿ. ಹೊರಗಿನ ಕೇಟರಿಂಗ್‌ಗೆ ಸಾಮಾನ್ಯವಾಗಿ ಶೇ. 5, ದುಬಾರಿ ಕೋಣೆಗಳ ದೊಡ್ಡ ಹೋಟೆಲಿನೊಳಗೆ ಶೇ. 18 ಆಗಬಹುದು.

ದುಡ್ಡಿಗಿಂತ ನೋವಾದದ್ದು ಹೊತ್ತಿನ ವಿಷಯ. ಊಟ 11 ಗಂಟೆಗೆ ಅಂತ ಮಾತಾಗಿತ್ತು. ಅಡುಗೆಯವರ ಗಾಡಿ ಬಂದದ್ದು ಒಂದೂವರೆಗೆ. ಅಷ್ಟರಲ್ಲಿ ಮದುಮಕ್ಕಳು ಬಂದರಿನೊಳಗೆ ಹೋಗಿ ಆಗಿತ್ತು. 84 ಮಂದಿ ಹುಡುಗಿಯೂ ಇಲ್ಲದ, ಹುಡುಗನೂ ಇಲ್ಲದ ಹಾಲ್‌ನಲ್ಲಿ ಸುಮ್ನೆ ಕೂತು ಉಂಡರು. ಸಾಂಬಾರಿನಲ್ಲಿ ಬೆಲ್ಲ, ರೊಟ್ಟಿ ಇಲ್ಲ. ನಮ್ಮ ಮಾವ ತಾಟು ಸರಿಸಿ ಎದ್ದಾಗ ಅಕ್ಕನ ಮುಖ ನೋಡಲು ಆಗಲಿಲ್ಲ.

ಆದ್ದರಿಂದ ಮುಂಬೈ ಹಾಲ್ ಆರಿಸಿಕೊಂಡರೆ ಊಟವನ್ನು ಬೆಳಗಿನ ಹತ್ತಕ್ಕೇ ಇಡಿ. ಮದುಮಕ್ಕಳು ಮೊದಲ ಪಂಕ್ತಿಯಲ್ಲಿ ಕೂತು ಎರಡು ತುತ್ತು ತಿಂದು ಹೊರಡಲಿ. ರೊಟ್ಟಿ, ಚಟ್ನಿ ಊರಿನಿಂದಲೇ ಹೋಗಲಿ. ಹೊರಗಿನ ಪದಾರ್ಥ ತರಬಹುದೇ ಅಂತ ಹಾಲ್‌ನವರನ್ನು ಕೇಳಿರಿ. ಬಳಗದಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಮುಂಬೈ–ಪುಣೆಯವರೇ ಆಗಿದ್ದರೆ ಈ ಆಯ್ಕೆ ನಿಜಕ್ಕೂ ಒಳ್ಳೆಯದು. ಆಗ ಬಸ್ಸೂ ಇಲ್ಲ, ಸ್ನಾನದ ಕೋಣೆಯೂ ಇಲ್ಲ, ತಾಟಿಗೆ 450 ಅಂದರೆ 450ರ ಹತ್ತಿರವೇ ಇರುತ್ತದೆ.

ಬುತ್ತಿ ಕಟ್ಟಿಕೊಂಡು

ನಗಬೇಡಿ. ಬಿಟ್ಟು ಬರಲು ಹೋಗುವ ಹತ್ತಿರದವರು 30ರ ಒಳಗಿದ್ದರೆ ನನ್ನ ಮೊದಲ ಸಲಹೆ ಇದೇ. ಸೀಗಿ ಹುಣ್ಣಿಮೆಗೆ ಹೊಲಕ್ಕೆ, ಎಲ್ಲಮ್ಮನ ಗುಡ್ಡಕ್ಕೆ ಬುತ್ತಿ ಒಯ್ಯುವ ನಮಗೆ ಮುಂಬೈ ಏನು ಮಹಾ?

ಏನು ಒಯ್ಯಬೇಕು ಅನ್ನೋದು ಎಷ್ಟು ತಾಳುತ್ತದೆ ಅನ್ನುವುದರ ಮೇಲೆ. ಖಡಕ್ ರೊಟ್ಟಿಗೆ ಚಿಂತೆಯೇ ಇಲ್ಲ, ಒಣಗಿದ್ದರೆ ವಾರಗಟ್ಟಲೆ ಇರುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಯೂ ಹಾಗೇ. ಶೇಂಗಾ ಹೋಳಿಗೆ ನಾಲ್ಕೈದು ದಿನ ಕೆಡಲ್ಲ. ಬ್ಯಾಳಿ ಹೋಳಿಗೆ ಮರುದಿನದ ಒಳಗೆ ಮುಗಿಸಿ. ಎಣ್ಣೆಗಾಯಿಗೆ ಕೊಬ್ಬರಿ ಹಾಕದೆ, ಎಣ್ಣೆ ಜಾಸ್ತಿ ಮಾಡಿ ಕುದಿಸಿದರೆ ಒಂದು ರಾತ್ರಿ ತಡೆಯುತ್ತದೆ. ಮೊಸರನ್ನವನ್ನು ಹಾಲಿನಲ್ಲಿ ಕಲಸಿ, ಹೆಪ್ಪಿಗೆ ಒಂದೇ ಚಮಚ ಮೊಸರು ಹಾಕಿ. ಬೆಳಿಗ್ಗೆ ಹೊತ್ತಿಗೆ ಹುಳಿಯಾಗದೆ ಹದಕ್ಕೆ ಬರುತ್ತದೆ. ಕೋಸಂಬರಿ, ಹಸಿ ಕೊಬ್ಬರಿ ಚಟ್ನಿ, ಕಟ್ಟಿನ ಸಾರು ಒಯ್ಯಬೇಡಿ. ಸಿಹಿಗೆ ಗೋಕಾಕದ ಕರದಂಟೋ ಅಮೀನಗಡದ ಕರದಂಟೋ ಅನ್ನುವ ಜಗಳ ನಿಮ್ಮ ಮನೆಯದು, ನಾನು ಬಾಯಿ ಹಾಕಲ್ಲ. ಕುಂದಾ ಮಾತ್ರ ಬಿಸಿಲಿನ ಬಸ್ಸಿನಲ್ಲಿ ಇಡಬೇಡಿ.

ಕೊರತೆ ಎಂದರೆ ಕೂರುವ ಜಾಗ. ಬಂದರಿನ ಬಾಗಿಲಲ್ಲಿ ರಸ್ತೆ ಬದಿಗೆ ಕೂತು ಉಣ್ಣಿಸಿದರೆ ಬೀಗರ ಮುಂದೆ ಮರ್ಯಾದೆ ಉಳಿಯಲ್ಲ. ಎರಡು ಮೂರು ಕೋಣೆ ಹಿಡಿದು ಸ್ನಾನ, ಪೂಜೆ, ಬುತ್ತಿ ಮೂರನ್ನೂ ಅಲ್ಲೇ ಮುಗಿಸಿ ಬಂದರಿಗೆ ಹೋಗಿ. ಕೋಣೆ ಖರ್ಚು ಸೇರಿಸಿದರೂ ಹಾಲ್ ಬಾಡಿಗೆಗಿಂತ ಕಡಿಮೆಯೇ ಬೀಳುತ್ತದೆ.

ಗೋವಾದಲ್ಲಿ ಹಡಗು ನಿಲ್ಲುವ ದಿನ

ಬೆಳಗಾವಿಯವರು ಇದನ್ನು ಒಂದು ಸಲ ಯೋಚಿಸಬೇಕು. ಮುಂಬೈ ಹಡಗು ಗೋವಾಕ್ಕೆ ಬರುವ ಪ್ರವಾಸವಾದರೆ ಮುರಗಾಂವ ಬಂದರಿನಲ್ಲಿ ನಿಲ್ಲುತ್ತದೆ. ಮದುಮಕ್ಕಳು ಇಳಿದು ಬಂದು, ಅಕ್ಕಿಕಾಳು ನೆಲದ ಮೇಲೇ ಆಗಿ, ಎಲ್ಲರ ಜೊತೆ ಉಂಡು, ಸಂಜೆ ಮತ್ತೆ ಹಡಗು ಹತ್ತಬಹುದು. ಚೋರ್ಲಾ ಘಾಟಿನ ಮೇಲೆ ಬೆಳಗಾವಿಯಿಂದ ಪಣಜಿ ಸುಮಾರು 110 ಕಿ.ಮೀ., ಅಲ್ಲಿಂದ ಬಂದರಿಗೆ ಇನ್ನೂ ಒಂದು ತಾಸು. ಬೆಳಿಗ್ಗೆ ಮನೆಯಲ್ಲೇ ಸ್ನಾನ ಪೂಜೆ ಮುಗಿಸಿ ಹೊರಟು ರಾತ್ರಿ ಮನೆ ಸೇರಬಹುದು. ಅಡುಗೆಯ ಆಚಾರಿಯನ್ನು ಬೆಳಗಾವಿಯಿಂದಲೇ ಒಯ್ದರೆ ಊಟವೂ ನಮ್ಮದೇ, ಸಸ್ಯಾಹಾರದ ಅನುಮಾನವೂ ಇಲ್ಲ.

ಅಪಾಯ ಒಂದೇ, ಅದೂ ದೊಡ್ಡದು. ಹಡಗು ತಡವಾದರೆ ಮುಹೂರ್ತ ಹೋಯಿತು. ಗಾಳಿ ಮಳೆ ಜಾಸ್ತಿಯಾದರೆ ಆ ಬಂದರಿಗೆ ಬರದೆಯೂ ಹೋಗಬಹುದು. ಟಿಕೆಟ್ಟಿನ ಷರತ್ತಿನಲ್ಲಿ ಅದಕ್ಕೆ ಅವರ ಜವಾಬ್ದಾರಿ ಇರಲ್ಲ. ಮುಹೂರ್ತದ ವಿಷಯದಲ್ಲಿ ಹಿರಿಯರು ಗಟ್ಟಿ ಇರುವ ಮನೆಯವರು ಇದಕ್ಕೆ ಕೈ ಹಾಕಬೇಡಿ. ವಿಜಯಪುರ, ಬಾಗಲಕೋಟೆಯವರಿಗೆ ದೂರವೂ ಆಗುತ್ತದೆ.

ಊರಲ್ಲೇ: ಮುಂಚೆಯೋ, ಬಂದ ಮೇಲೋ?

ಮೂರನೆಯ ಗುಂಪಿಗೆ ಊರ ಊಟ ಬೇಕೇ ಬೇಕು. ಅದರಲ್ಲಿ ಆಯ್ಕೆ ಇಲ್ಲ. ಇರೋದು ಯಾವಾಗ ಅನ್ನುವುದರಲ್ಲಿ.

ಮುಂಚೆ ಮಾಡಿದರೆ ಅರಿಶಿನದ ದಿನಕ್ಕೆ ಹೊಂದಿಸಬಹುದು. ಸುರಗಿ ಸುತ್ತಿ (ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ) ಮದುಮಗಳಿಗೆ ನೀರು ಹಾಕಿ, ದೇವರ ಕಾರ್ಯ ಮಾಡಿ, ಓಣಿಯವರಿಗೆಲ್ಲಾ ಊಟ. ಮನೆ ಮುಂದಿನ ಹಂದರದಲ್ಲೇ ಮುಗಿಯುತ್ತದೆ, ಮಂಗಲ ಕಾರ್ಯಾಲಯದ ಬಾಡಿಗೆ ಉಳಿಯುತ್ತದೆ. ಹುಡುಗಿ ಮನೆಯಲ್ಲೇ ಇರುತ್ತಾಳೆ, ಹಿರಿಯರು ಆಶೀರ್ವಾದ ಮಾಡಿ ಕಳಿಸುತ್ತಾರೆ. ಸಮುದ್ರ ಅಂದರೆ ಅಂಜುವ ಅಜ್ಜಿಯರಿಗೆ ಇದೇ ಸಮಾಧಾನ. ಆದರೆ ಹುಡುಗ ಇರಲ್ಲ, ಬೀಗರು ಇರಲ್ಲ. ಅಕ್ಕಿಕಾಳು ಬೀಳುವ ಮುಂಚೆ ಉಂಡದ್ದನ್ನು ನಮ್ಮ ಜನ ಲಗ್ನದ ಊಟ ಅಂತ ಲೆಕ್ಕಕ್ಕೆ ಹಿಡಿಯಲ್ಲ. "ಅರಿಶಿಣಕ್ಕ ಉಂಡ ಬಂದ್ವಿ. ಲಗ್ನದ ಊಟ ಯಾವಾಗ್ರೀ?" ಅಂತ ಕೇಳಿಯೇ ಕೇಳುತ್ತಾರೆ. ಮುಯ್ಯಿ ಕೊಡಬೇಕಾದವರಿಗೂ ಗೊಂದಲ.

ಬಂದ ಮೇಲೆ ಮಾಡಿದರೆ ಜೋಡಿ ಕಣ್ಣೆದುರಿಗೆ ಇರುತ್ತದೆ. ಎರಡೂ ಕಡೆಯವರು ಸೇರಬಹುದು, ಹಡಗಿನ ಫೋಟೋ ದೊಡ್ಡ ಪರದೆಯಲ್ಲಿ ಹಾಕಬಹುದು, ಆಯೇರಿ (ಉಡುಗೊರೆ) ಅಲ್ಲೇ ಮುಗಿಯುತ್ತದೆ. ನಮ್ಮ ಊಟ ಹಡಗು ಬಂದ ಐದನೆಯ ದಿನ, ಬೆಳಗಾವಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. 560 ತಾಟು. ರೊಟ್ಟಿ, ಚಪಾತಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಗೋಧಿ ಹುಗ್ಗಿ, ಅನ್ನ, ಕಟ್ಟಿನ ಸಾರು. ಮುಂಬೈಯಲ್ಲಿ ತಾಟು ಸರಿಸಿದ್ದ ಮಾವ ಹುಗ್ಗಿಯ ನಡುವೆ ಬೆರಳಿನಿಂದ ಗುಳಿ ಮಾಡಿ, ತುಪ್ಪ ಹಾಕುವ ಹುಡುಗನನ್ನು ಎರಡು ಸಲ ಕರೆದರು. ಅಕ್ಕ ದೂರದಿಂದ ಅದನ್ನೇ ನೋಡುತ್ತಾ ನಿಂತಿದ್ದಳು.

ತೊಂದರೆ ಇಲ್ಲ ಅಂತಲ್ಲ. ಕಾರ್ಯಾಲಯದ ಬಾಡಿಗೆ ಬೀಳುತ್ತದೆ. ಲಗ್ನದ ಹಂಗಾಮಿನಲ್ಲಿ ಹಡಗಿನ ತಾರೀಕಿಗೆ ಹೊಂದುವ ದಿನ ಸಿಗೋದು ಕಷ್ಟ, ಆದ್ದರಿಂದ ಕಾರ್ಯಾಲಯ ನೋಡಿಕೊಂಡೇ ಹಡಗು ಬುಕ್ ಮಾಡಿ. ವಾರಕ್ಕಿಂತ ಜಾಸ್ತಿ ತಡ ಮಾಡಿದರೆ ಜನರ ಉಮೇದು ಇಳಿಯುತ್ತದೆ. ಜೈನ ಬಂಧುಗಳಿದ್ದರೆ ಸಂಜೆಯ ರಿಸೆಪ್ಷನ್ ಬೇಡ, ಮಧ್ಯಾಹ್ನದ ಊಟ ಇಡಿ.

ದುಡ್ಡು ಬಿಗಿ ಇದ್ದವರು ಅರಿಶಿನದ ಊಟವನ್ನು ಮನೆಮಂದಿಗೆ ಮಾತ್ರ ಇಟ್ಟು, ಮುಂಬೈ ಹಾಲ್ ಬಿಟ್ಟು, ಇರುವ ದುಡ್ಡನ್ನೆಲ್ಲಾ ಬಂದ ಮೇಲಿನ ಊಟಕ್ಕೆ ಹಾಕಿ. ನಾವು 84 ಮಂದಿಯ ಮುಂಬೈ ಓಡಾಟಕ್ಕೆ ಸುರಿದದ್ದು 1,90,000 ದಾಟಿತು. ಊರ ಊಟದ 560 ತಾಟಿಗೆ ಬಿದ್ದದ್ದು 1,45,600. ಎರಡನೆಯದನ್ನು ಎಲ್ಲರೂ ನೆನೆಯುತ್ತಾರೆ. ದುಡ್ಡು ಸಡಿಲ ಇದ್ದವರು ಮುಂಬೈ–ಪುಣೆಯವರಿಗೆ ಅಲ್ಲೇ ಹತ್ತು ಗಂಟೆಯ ಊಟ, ಹತ್ತಿರದ 30 ಮಂದಿಗೆ ಬುತ್ತಿ ಮತ್ತು ಕೋಣೆ, ಊರಿಗೆಲ್ಲಾ ಆಮೇಲಿನ ಊಟ ಅಂತ ಮೂರೂ ಮಾಡಬಹುದು. ಮಗಳನ್ನು ಬಿಟ್ಟು ಬರಲು ಬಸ್ ತುಂಬ ಜನ ಬರಲೇಬೇಕು ಅನ್ನುವ ಮನೆತನವಾದರೆ ನನ್ನ ಲೆಕ್ಕ ಪಕ್ಕಕ್ಕಿಡಿ, ಬಸ್ ಮಾಡಿ. ಸ್ನಾನದ ಕೋಣೆ ಮಾತ್ರ ಮರೆಯಬೇಡಿ.

ಇನ್ನು ಪತ್ರಿಕೆ. ಒಂದೇ ಪತ್ರಿಕೆಯಲ್ಲಿ ಹಡಗಿನ ತಾರೀಕು ಹಾಕಿ ಕೆಳಗೆ ಸಣ್ಣ ಅಕ್ಷರದಲ್ಲಿ 'ಊಟ ಆಮೇಲೆ' ಅಂತ ಬರೆದರೆ ಓದಿದವರಿಗೆ ತಾವು ಎರಡನೆಯ ಸಾಲಿನವರು ಅನ್ನಿಸುತ್ತದೆ. ನಾವು ಎರಡು ಪತ್ರಿಕೆ ಅಚ್ಚು ಹಾಕಿಸಿದೆವು. ಊರಿನವರದರಲ್ಲಿ ಮೇಲೆ ದೊಡ್ಡದಾಗಿ ಕಾರ್ಯಾಲಯದ ಊಟದ ತಾರೀಕು, ಹೊತ್ತು. ಹಡಗಿನ ಮಾತು ಕೆಳಗೆ ಒಂದೇ ಸಾಲು. ಅವ್ವ ಅದನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ಅರಿಶಿನ ಕುಂಕುಮ ಹಚ್ಚಿ ಕರೆದು ಬಂದಳು. ಹಡಗಿನವರ ಪತ್ರಿಕೆ ವಾಟ್ಸಾಪಿನಲ್ಲಿ ಹೋಯಿತು.